ಕೊಡಗಿನ ನೀರಿಗೆ ಒಗ್ಗುವ, ದುಬಾರಿಯಲ್ಲದ ಅಕ್ವೇರಿಯಂ ಸಬ್‌ಸ್ಟ್ರೇಟ್: ಬಳಸಿ ನೋಡಿದವರ ವಿಮರ್ಶೆ

ಗಿಡಗಳಿರುವ ಸಿಹಿನೀರಿನ ಅಕ್ವೇರಿಯಂ ಇಡಲು ಹೊರಟವರು ಗಾಜಿನ ತೊಟ್ಟಿಗೆ, ದೀಪಕ್ಕೆ, ಫಿಲ್ಟರಿಗೆ ಎಷ್ಟಾಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಅಂದಾಜು ಮೀರುವುದು ತಳಕ್ಕೆ ಹಾಸುವ ಸಬ್‌ಸ್ಟ್ರೇಟಿನ ವಿಷಯದಲ್ಲಿ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಸಾಮಾನ್ಯ 2 ಅಡಿ ತೊಟ್ಟಿಯಲ್ಲಿ ಬೇರು ಹಿಡಿಯುವಷ್ಟು, ಅಂದರೆ 5 ಸೆಂಟಿಮೀಟರ್ ದಪ್ಪದ ಪದರ ಬರಬೇಕಾದರೆ 9 ಲೀಟರ್ ಸಾಮಗ್ರಿ ಬೇಕು. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ 4 ಅಡಿ ತೊಟ್ಟಿಗೆ ಅದೇ ದಪ್ಪಕ್ಕೆ 27 ಲೀಟರ್ ಹಿಡಿಯುತ್ತದೆ. ಹೆಸರಾಂತ ಕಂಪನಿಗಳ ಅಕ್ವಾಸಾಯಿಲ್ 9 ಲೀಟರಿನ ಒಂದು ಚೀಲಕ್ಕೆ 3 ಸಾವಿರ ರೂಪಾಯಿ ದಾಟುತ್ತದೆ, ಬೆಟ್ಟ ಹತ್ತಿಸುವ ಕೊರಿಯರ್ ಖರ್ಚು ಬೇರೆ. ಮಡಿಕೇರಿಯ ಸಮೀಪದ ನಮ್ಮ ಮನೆಯಲ್ಲಿ ಬೇರೆ ಬೇರೆ ತೊಟ್ಟಿಗಳಲ್ಲಿ ಅಕ್ವಾಸಾಯಿಲ್, ಬಣ್ಣದ ಕಲ್ಲು, ಎಂ-ಸ್ಯಾಂಡ್, ಫಿಲ್ಟರ್ ಮರಳು, ಹಂಚಿನ ಚೂರು, ಮಣ್ಣಿನ ಮೇಲೆ ಮರಳು ಹಾಸಿದ ಪದರ, ಇವೆಲ್ಲವನ್ನೂ ಬಳಸಿ ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಆ ದುಬಾರಿ ಚೀಲದ ಮುಖ್ಯ ಗುಣ ಕೊಡಗಿನ ನೀರಿಗೆ ಬೇಕಾಗಿಯೇ ಇಲ್ಲ. ತೆಳುವಾದ ಮಣ್ಣಿನ ಪದರವೂ ಅದರ ಮೇಲೆ ಫಿಲ್ಟರ್ ಮರಳೂ ಇದ್ದರೆ ಇಲ್ಲಿ ಗಿಡಗಳು ಚೆನ್ನಾಗಿ ಬರುತ್ತವೆ. ಆದರೆ ಆ ಮಣ್ಣು ಎಲ್ಲಿಂದ ಬಂದದ್ದು ಎಂಬ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು.

ಮೊದಲು ನೀರಿನ ವಿಚಾರ. ಅಕ್ವಾಸಾಯಿಲ್ ಎಂದರೆ ಜೇಡಿಯಿಂದ ಕೂಡಿದ, ಸಾವಯವ ಅಂಶ ಹೆಚ್ಚಿರುವ ಮಣ್ಣನ್ನು ಕಾಳು ಕಟ್ಟಿ ಹದವಾದ ಶಾಖದಲ್ಲಿ ಒಣಗಿಸಿದ ಸಾಮಗ್ರಿ. ಅದು ನೀರಿನಲ್ಲಿರುವ ಕಾರ್ಬೊನೇಟ್ ಗಡಸುತನವನ್ನು ಹೀರಿಕೊಂಡು ಪಿಎಚ್ ಅನ್ನು (ಇದು ಇಳಿದಷ್ಟೂ ನೀರು ಹುಳಿ) 6ರಿಂದ 6.8ರ ಆಸುಪಾಸಿಗೆ ಇಳಿಸುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಗಿಡ ಬೆಳೆಸುವವರಿಗೆ ಇದು ನಿಜಕ್ಕೂ ಬೆಲೆಯುಳ್ಳ ಗುಣ. ಕೊಡಗಿನ ಪರಿಸ್ಥಿತಿ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಸುಣ್ಣದ ಅಂಶವನ್ನೆಲ್ಲ ಮಳೆಯೇ ತೊಳೆದುಕೊಂಡು ಹೋಗಿರುವ ಹುಳಿ ಮಣ್ಣಿನ ಮೂಲಕ ಇಳಿದು ಬಂದ ನೀರು ನಮ್ಮ ತೆರೆದ ಬಾವಿಗಳಲ್ಲಿ ನಿಲ್ಲುತ್ತದೆ. ಅದು ಹುಟ್ಟಿನಿಂದಲೇ ಮೆದು ನೀರು. ಕಾಫಿ ಬೆಳೆಗಾರರು ಕೆಲವು ವರ್ಷಗಳಿಗೊಮ್ಮೆ ತೋಟಕ್ಕೆ ಸುಣ್ಣ ಹಾಕಲೇಬೇಕಾಗಿ ಬರುವುದಕ್ಕೂ, ನಮ್ಮ ತೊಟ್ಟಿಯ ನೀರಿನಲ್ಲಿ ಗಡಸುತನ ಇಲ್ಲದಿರುವುದಕ್ಕೂ ಕಾರಣ ಒಂದೇ. ಇಂಥ ನೀರಿಗೆ ಪಿಎಚ್ ಇಳಿಸುವ ಸಬ್‌ಸ್ಟ್ರೇಟ್ ಹಾಕಿದರೆ ಪಿಎಚ್ 6ಕ್ಕಿಂತ ಕೆಳಗೆ ಹೋಗಿ ನಿಲ್ಲುತ್ತದೆ, ಮೀನಿಗೆ ವಿಷವಾದ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ನಮ್ಮ ಅಕ್ವಾಸಾಯಿಲ್ ತೊಟ್ಟಿಯಲ್ಲಿ ಆದದ್ದು ಇದೇ: ಗಿಡಗಳು ಹಸಿರಾಗಿ ಎದ್ದವು, ಆದರೆ ಮೀನು ಬಿಡುವ ಹಂತ ಬರುವುದಕ್ಕೆ ಬೇರೆ ತೊಟ್ಟಿಗಳಿಗಿಂತ ಬಹಳ ಹೆಚ್ಚು ಕಾಲ ಹಿಡಿಯಿತು.

ಹಾಗೆಂದು ಅಕ್ವಾಸಾಯಿಲ್ ಕೆಟ್ಟ ಸಾಮಗ್ರಿ ಎಂದು ನಾನು ಹೇಳುವುದಿಲ್ಲ. ತಕಾಶಿ ಅಮಾನೊ ಅವರು 1982ರಲ್ಲಿ ಜಪಾನಿನಲ್ಲಿ ಸ್ಥಾಪಿಸಿದ ಎಡಿಎ ಸಂಸ್ಥೆಯ ಅಮೆಜೋನಿಯಾವೇ ಈ ವರ್ಗಕ್ಕೆ ಮಾದರಿ. ಕಾಳುಮೆಣಸಿಗಿಂತ ಚಿಕ್ಕದಾದ ಆ ಕಪ್ಪು ಕಾಳುಗಳ ನಡುವೆ ನೀರು ಆಡುತ್ತದೆ, ಎಳೆಯ ಬೇರು ಸುಲಭವಾಗಿ ಇಳಿಯುತ್ತದೆ, ತೊಳೆಯುವ ಕೆಲಸವಿಲ್ಲ, ನೋಟವೂ ಚೆಂದ. ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಅವಧಿಯಲ್ಲಿ ನೀರನ್ನು ಆಗಾಗ ಬದಲಿಸುತ್ತಿದ್ದರೆ ಅದೂ ದಾಟಿಹೋಗುತ್ತದೆ. ನನ್ನ ಆಕ್ಷೇಪ ಇರುವುದು ಅದರ ಬಾಳಿಕೆಯ ಬಗ್ಗೆ. ಒಂದೆರಡು ವರ್ಷ ಕಳೆಯುತ್ತಿದ್ದಂತೆ ಪೋಷಕಾಂಶ ಬರಿದಾಗುತ್ತದೆ, ಕಾಳನ್ನು ಬೆರಳಿನಲ್ಲಿ ಹಿಸುಕಿದರೆ ಕೆಸರಾಗುತ್ತದೆ, ಆಮೇಲೆ ಅಷ್ಟೇ ಹಣ ಮತ್ತೊಮ್ಮೆ ಹಾಕಬೇಕು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಚೀಲವಂತೂ ದಾರಿಯಲ್ಲಿ ಪೆಟ್ಟು ತಿಂದು ತಳದಲ್ಲೆಲ್ಲ ಹುಡಿಯಾಗಿ ಬಂದಿತ್ತು. ಮಾರಿದವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕ ತೊಟ್ಟಿಯಲ್ಲಿ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಟ್ಟು, ನೆಲಕ್ಕೆ ಹಾಸುವ ಹುಲ್ಲಿನಂಥ ಸೂಕ್ಷ್ಮ ಗಿಡಗಳನ್ನು ಬೆಳೆಸುವವರಾದರೆ ಒಂದು ಚೀಲ ಕೊಳ್ಳಲಿ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೋರಿನ್, ಅಮೆಜಾನ್ ಸ್ವೋರ್ಡ್ ಬೆಳೆಸುವವರು ಆ ಹಣವನ್ನು ಒಳ್ಳೆಯ ದೀಪಕ್ಕೆ ಹಾಕುವುದು ಮೇಲು.

ಅಕ್ವೇರಿಯಂ ಅಂಗಡಿಗಳ ನೀಲಿ, ಗುಲಾಬಿ ಬಣ್ಣದ ಕಲ್ಲುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕಲ್ಲು ದಪ್ಪ, ಸಂದುಗಳಲ್ಲಿ ಮೀನಿನ ಹೊಲಸು ಇಳಿದು ಕೂರುತ್ತದೆ, ಬೇರಿಗೆ ಹಿಡಿತ ಸಿಗುವುದಿಲ್ಲ, ಕೆಲವದರ ಬಣ್ಣವೂ ಏಳುತ್ತದೆ. ಗಿಡದ ತೊಟ್ಟಿಗೆ ಅದು ಬೇಡ.

ಮನೆ ಕಟ್ಟುವ ಕಡೆ ರಾಶಿ ಬಿದ್ದಿರುವ ಎಂ-ಸ್ಯಾಂಡ್ ಎಲ್ಲಕ್ಕಿಂತ ಅಗ್ಗ. ಗ್ರಾನೈಟ್ ಜಾತಿಯ ಕಲ್ಲನ್ನು ಪುಡಿ ಮಾಡಿದ್ದಾದ್ದರಿಂದ ಸಾಮಾನ್ಯವಾಗಿ ನೀರಿನ ಗುಣವನ್ನು ಕೆಡಿಸುವುದಿಲ್ಲ. ತೊಂದರೆ ಇರುವುದು ಎರಡು ಕಡೆ: ಒಂದು, ಕಲ್ಲಿನ ಹುಡಿ ವಿಪರೀತ, ಬಕೆಟ್‌ನಲ್ಲಿ ಎಷ್ಟು ತೊಳೆದರೂ ಬೂದುಬಣ್ಣದ ನೀರು ಬರುತ್ತಲೇ ಇರುತ್ತದೆ, ಇನ್ನೊಂದು, ಯಂತ್ರದಲ್ಲಿ ಒಡೆದ ಕಣಗಳ ಅಂಚು ಹರಿತವಾಗಿದ್ದು, ತಳದಲ್ಲಿ ಮೂತಿ ಊರಿ ಆಹಾರ ಹುಡುಕುವ ಕೋರಿಡೋರಾಸ್, ಲೋಚ್ ಜಾತಿಯ ಮೀನುಗಳ ಮೀಸೆ ಸವೆಯಬಹುದು. ಅಂಥ ಮೀನು ಸಾಕುವ ಯೋಚನೆಯಿಲ್ಲದಿದ್ದರೆ, ತೊಳೆಯುವ ತಾಳ್ಮೆಯಿದ್ದರೆ, ಅದು ನಡೆಯುತ್ತದೆ. ಹೊಳೆಯ ಮರಳು ಗುಣದಲ್ಲಿ ಉತ್ತಮವೆಂಬುದು ನಿಜ. ಆದರೆ ಪರವಾನಗಿಯಿಲ್ಲದೆ ಕಾವೇರಿಯಿಂದಾಗಲಿ ಹಾರಂಗಿಯಿಂದಾಗಲಿ ಮರಳು ತೆಗೆಯುವಂತಿಲ್ಲ, ಹವ್ಯಾಸಕ್ಕಾಗಿ ಒಂದೇ ಚೀಲ ಎಂಬ ಮಾತು ಅದಕ್ಕೆ ಸಮಜಾಯಿಷಿಯಾಗುವುದೂ ಇಲ್ಲ.

ನಾನು ಮೆಚ್ಚಿ ಶಿಫಾರಸು ಮಾಡುವುದು ನೀರು ಸೋಸುವ ಘಟಕಗಳಿಗೂ ಈಜುಕೊಳಗಳಿಗೂ ಹಾಕುವ ಫಿಲ್ಟರ್ ಮರಳನ್ನು. ಇದು ಜರಡಿ ಹಿಡಿದು ದರ್ಜೆ ಮಾಡಿದ ಸ್ಫಟಿಕ ಶಿಲೆಯ ಮರಳು. ಕಣಗಳು ಒಂದೇ ಅಳತೆಯಲ್ಲಿರುತ್ತವೆ, ಹುಡಿ ಕಡಿಮೆ, ಒಂದಿಷ್ಟು ತೊಳೆದರೆ ನೀರು ತಿಳಿಯಾಗುತ್ತದೆ. ನೀರು ಶುದ್ಧೀಕರಣದ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿದರೆ ಕುಶಾಲನಗರದಿಂದಲೋ ಮೈಸೂರಿನಿಂದಲೋ ತರಿಸಿಕೊಡುತ್ತಾರೆ. ನಾನು ಕೊಳ್ಳುವಾಗ ಅಂಗಡಿಯವರು, "ಸರ್, ಇದು ಗಾರೆ ಕೆಲಸಕ್ಕೆ ಆಗೋದಿಲ್ಲ, ಆಮೇಲೆ ವಾಪಸ್ ತರಬೇಡಿ" ಎಂದು ಮೊದಲೇ ಎಚ್ಚರಿಸಿದ್ದರು. ದೊಡ್ಡ ಚೀಲವೊಂದಕ್ಕೆ ಕೆಲವು ನೂರು ರೂಪಾಯಿಗಳಷ್ಟೇ ಬೆಲೆ. 2 ಅಡಿ ತೊಟ್ಟಿಗೆ ಮಣ್ಣಿನ ಮೇಲೆ 3 ಸೆಂಟಿಮೀಟರ್ ದಪ್ಪ ಹಾಸಲು 8ರಿಂದ 9 ಕಿಲೋ ಸಾಕಾಗುವುದರಿಂದ 50 ಕಿಲೋ ಚೀಲವನ್ನು ನಾಲ್ಕೈದು ಜನ ಹಂಚಿಕೊಳ್ಳಬಹುದು. 1 ಮಿಲಿಮೀಟರ್ ಆಸುಪಾಸಿನ ಕಣದ ದರ್ಜೆಯನ್ನೇ ಕೇಳಿ ಪಡೆಯಬೇಕು: ಅದಕ್ಕಿಂತ ತೀರಾ ನುಣುಪಾದದ್ದು ಒತ್ತಾಗಿ ಕೂತು ಗಾಳಿಯಾಡದಂತೆ ಮಾಡುತ್ತದೆ, ಒರಟಾದದ್ದರ ಸಂದಿನಿಂದ ಕೆಳಗಿನ ಮಣ್ಣು ಮೇಲಕ್ಕೆ ಬರುತ್ತದೆ. ಮನೆಗೆ ತಂದ ಮೇಲೆ ಒಂದು ಹಿಡಿಗೆ ವಿನೆಗರ್ ಹಾಕಿ ನೋಡಬೇಕು. ನೊರೆ ಎದ್ದರೆ ಅದರಲ್ಲಿ ಸುಣ್ಣದ ಕಲ್ಲಿನ ಚೂರು ಬೆರೆತಿದೆ ಎಂದರ್ಥ.

ಹಳೆಯ ಮನೆ ಕೆಡವಿದ ಕಡೆ ಸಿಗುವ ಮಂಗಳೂರು ಹಂಚಿನ ಚೂರುಗಳೂ ಉಪಯೋಗಕ್ಕೆ ಬರುತ್ತವೆ. ಸುಟ್ಟ ಜೇಡಿಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತದೆ, ಬೇರೂ ಚೆನ್ನಾಗಿ ಹಿಡಿಯುತ್ತದೆ. 2ರಿಂದ 4 ಮಿಲಿಮೀಟರ್ ಚೂರಾಗುವಂತೆ ಕುಟ್ಟಿ ಜರಡಿ ಹಿಡಿಯುವುದು ಬೆವರಿಳಿಸುವ ಕೆಲಸ. ಹಾಗಾಗಿ ಚಿಕ್ಕ ತೊಟ್ಟಿಗೆ ಸರಿ, ದೊಡ್ಡದಕ್ಕಲ್ಲ. ಬಣ್ಣ ಬಳಿದ ಹಂಚು, ಪಾಚಿ ನಾಶಕ್ಕೆ ಔಷಧಿ ಹೊಡೆದ ಹಂಚು, ಸಿಮೆಂಟ್ ಅಂಟಿದ ಹಂಚು ಬೇಡ.

ಇನ್ನು ಮಣ್ಣು. ಮರಳಿನಲ್ಲಿ ಗಿಡಕ್ಕೆ ಆಹಾರವಿಲ್ಲ. ಬೇರಿನಿಂದ ಉಣ್ಣುವ ಗಿಡಗಳಿಗೆ ಕೆಳಗೆ ಏನಾದರೂ ಇರಲೇಬೇಕು. ಕೊಡಗಿನಲ್ಲಿ ಮಣ್ಣಿಗೇನು ಬರ ಎಂದುಕೊಂಡು ಹೊಸಬರು ಕಾಫಿ ಗಿಡದ ಬುಡದ ಕಪ್ಪು ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತರುತ್ತಾರೆ. ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದೇ ಇದು. ತೋಟದ ಮಣ್ಣನ್ನು ದಯವಿಟ್ಟು ಮೀನಿನ ತೊಟ್ಟಿಗೆ ಹಾಕಬೇಡಿ. ಕಾಫಿಯ ಎಲೆ ತುಕ್ಕು ರೋಗಕ್ಕೂ ಕರಿಮೆಣಸಿನ ಸೊರಗು ರೋಗಕ್ಕೂ ತಲೆಮಾರುಗಳಿಂದ ಹೊಡೆಯುತ್ತಿರುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತಿನ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಎಲೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಸೀಗಡಿ, ಬಸವನಹುಳುಗಳಿಗೆ ಅತಿ ಕಡಿಮೆ ಪ್ರಮಾಣದ ತಾಮ್ರವೂ ವಿಷ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ತಾಮ್ರದ ವಿಷ ಮೀನಿಗೆ ಹೆಚ್ಚು ತಟ್ಟುತ್ತದೆ; ಅಂದರೆ ಬಯಲುಸೀಮೆಯ ಗಡಸು ನೀರಿನಲ್ಲಿ ಹೇಗೋ ಬದುಕಿಕೊಂಡ ಮೀನು ನಮ್ಮ ಮೆದು ನೀರಿನಲ್ಲಿ ಉಳಿಯದೇ ಹೋಗಬಹುದು. ಇದರ ಜೊತೆಗೆ ಕಾಂಡಕೊರಕಕ್ಕೆ ಬಳಸಿದ ಕೀಟನಾಶಕದ ಶೇಷ, ಮೇಲೆ ಚೆಲ್ಲಿದ ಯೂರಿಯಾ. ಗದ್ದೆಯ ಕೆಸರು ನೀರಿಗೆ ಒಗ್ಗಿದ ಮಣ್ಣೇ ಆದರೂ ನಮ್ಮ ಗದ್ದೆಗಳಿರುವುದು ತೋಟದ ಇಳಿಜಾರಿನ ಬುಡದಲ್ಲಿ. ಮೇಲಿನದೆಲ್ಲ ಮಳೆಯಲ್ಲಿ ತೊಳೆದು ಬರುವುದು ಅಲ್ಲಿಗೇ. ಸಿಂಪಡಣೆ ಕಾಣದ ಮಣ್ಣು ದೇವರಕಾಡಿನಲ್ಲಿ ಇದೆ, ಆದರೆ ಅಲ್ಲಿಂದ ಒಂದು ಎಲೆಯನ್ನೂ ತರುವಂತಿಲ್ಲ ಎಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಯಾವ ಮಣ್ಣು? ಮನೆಗೋ ರಸ್ತೆಗೋ ಬರೆ, ಅಂದರೆ ಗುಡ್ಡದ ಇಳಿಜಾರಿನ ಅಂಚು, ಕಡಿದಾಗ ಹೊರಬರುವ ಕೆಳಪದರದ ಕೆಂಪು ಮಣ್ಣು. ಆಳುದ್ದದ ಕೆಳಗಿನ ಆ ಮಣ್ಣಿಗೆ ಔಷಧಿ ತಲುಪಿರುವ ಸಂಭವ ತೀರಾ ಕಡಿಮೆ, ಕಬ್ಬಿಣ ಧಾರಾಳ. ಒಂದು ಕಾಲದಲ್ಲಿ ಜರ್ಮನಿಯ ಡುಪ್ಲಾ ಕಂಪನಿ ಮುರಕಲ್ಲಿನ ಜಾತಿಯ ಇಂಥದೇ ಕೆಂಪು ಮಣ್ಣನ್ನು ಅಕ್ವೇರಿಯಂ ಗಿಡಗಳಿಗೆಂದು ಪೊಟ್ಟಣ ಕಟ್ಟಿ ಮಾರುತ್ತಿತ್ತು. ಗಾಳಿಯಲ್ಲಿ ತುಕ್ಕಿನ ರೂಪದಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ. ಮರಳಿನ ಕೆಳಗೆ ಆಮ್ಲಜನಕ ಕಡಿಮೆಯಾದಾಗ ಅದು ಕರಗುವ ರೂಪಕ್ಕೆ ತಿರುಗಿ ಬೇರಿಗೆ ದಕ್ಕುತ್ತದೆ. ಮಣ್ಣಿನ ಕಬ್ಬಿಣವೇ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ನೀರಿಗೆ ಸೋರಿ ಪಾಚಿಗೆ ಆಹಾರವಾಗುವುದೂ ತಗ್ಗುತ್ತದೆ. ಆದರೆ ಈ ಕೆಂಪು ಮಣ್ಣಿನ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಆದ್ದರಿಂದ ಪೊಟ್ಯಾಶ್, ಅಮೋನಿಯಂಗಳನ್ನು ಹಿಡಿದಿಡುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಅದಕ್ಕಾಗಿ ಐದು ಪಾಲು ಬರೆ ಮಣ್ಣಿಗೆ ಒಂದು ಪಾಲು, ಔಷಧಿ ಹೊಡೆಯದ ಮನೆಯಂಗಳದ ಮೇಲ್ಮಣ್ಣನ್ನು ಬೆರೆಸುತ್ತೇನೆ. ಎರೆಗೊಬ್ಬರ ಹಾಕುವುದಾದರೆ 2 ಅಡಿ ತೊಟ್ಟಿಗೆ ಒಂದು ಹಿಡಿ, ಅದೂ ಹಳೆಯದು. ಕಾಫಿ ಸಿಪ್ಪೆಯ ಗೊಬ್ಬರ ಮಾತ್ರ ಖಂಡಿತ ಬೇಡ, ಅದು ನೀರಿನಡಿ ಕೊಳೆಯುತ್ತಲೇ ಇರುತ್ತದೆ. ಇನ್ನೊಂದು ಮಾತು: 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದದ್ದನ್ನು ಎಲ್ಲರೂ ಕಂಡಿದ್ದೇವೆ. ಕಡಿದು ರಾಶಿ ಹಾಕಿದ ಮಣ್ಣನ್ನು ಕೇಳಿ ಪಡೆಯಿರಿ, ನಿಂತಿರುವ ಬರೆಯ ಬುಡವನ್ನು ಕೆರೆಯಲು ಹೋಗಬೇಡಿ.

ಮಣ್ಣನ್ನು ಹದಗೊಳಿಸಲು ಬೇಸಿಗೆಯ ಬಿಸಿಲು ಬೇಕು. ಕಲ್ಲು, ಬೇರು, ಕಡ್ಡಿ ಆರಿಸಿ, ಜರಡಿ ಹಿಡಿದು, ಬಕೆಟ್‌ನಲ್ಲಿ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ, ಕಣದಲ್ಲಿ ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ನೆನೆಸಿ ಒಣಗಿಸಬೇಕು. ನೆನೆಸಿದ ಮಣ್ಣಿನ ವಾಸನೆ ಮೊದಲ ಮಳೆ ಬಿದ್ದ ನೆಲದಂತಾಗುವವರೆಗೆ ಹೀಗೆ ಮಾಡಿದರೆ ಸುಲಭವಾಗಿ ಕೊಳೆಯುವ ಅಂಶವೂ ಅಮೋನಿಯಾವೂ ಬಹುಪಾಲು ಕಳೆದುಹೋಗುತ್ತವೆ. ಆಮೇಲೆ ನಾನು ಎಂದೂ ತಪ್ಪಿಸದ ಪರೀಕ್ಷೆಯೊಂದಿದೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಎರಡು ಬೆರಳಷ್ಟು ಮಣ್ಣು ಹಾಕಿ ಬಾವಿ ನೀರು ತುಂಬಿ ಕುಲುಕಿ ಇಟ್ಟರೆ, ಮರಳು ನಿಮಿಷದೊಳಗೆ ಕೂರುತ್ತದೆ, ಅದರ ಮೇಲೆ ನಯವಾದ ಹೂಳು, ಕೊನೆಯಲ್ಲಿ ಜೇಡಿ. ಮೂರು ಪಟ್ಟೆಗಳೂ ಗಾಜಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ನೀರು ತಿಳಿಯಾದ ಮೇಲೆ ತೊಟ್ಟಿಯ ಮೂರ್ನಾಲ್ಕು ಬಸವನಹುಳುಗಳನ್ನು ಬಿಟ್ಟು ಒಂದು ವಾರ ನೋಡಬೇಕು. ಅವು ಗಾಜಿನ ಮೇಲೆ ಓಡಾಡಿಕೊಂಡು ಮೇಯುತ್ತಿದ್ದರೆ ಮಣ್ಣು ಸರಿಯಿದೆ. ಚಿಪ್ಪಿನೊಳಗೆ ಸೇರಿಕೊಂಡು ತಳದಲ್ಲೇ ಬಿದ್ದಿದ್ದರೆ, ಇಲ್ಲವೇ ನೀರು ಬಿಟ್ಟು ಬಾಟಲಿಯ ಬಾಯಿಗೆ ಏರಿ ಕೂತರೆ, ಕೂಡಲೇ ಅವನ್ನು ಒಳ್ಳೆಯ ನೀರಿಗೆ ಹಾಕಿ, ಆ ಮಣ್ಣನ್ನು ಹೂಕುಂಡಕ್ಕೆ ಸುರಿಯುವುದು ಒಳ್ಳೆಯದು. ತಾಮ್ರದ ಪರೀಕ್ಷಾ ಕಿಟ್ ಇದ್ದವರು ಆ ನೀರಿಗೆ ಅದನ್ನೂ ಹಾಕಿ ನೋಡಲಿ.

ಪದರ ಹಾಕುವ ಕ್ರಮ ಸರಳ. ಗಾಜಿನ ತಳಕ್ಕೆ ಮೊದಲು ಒಂದೆರಡು ಟೀ ಚಮಚ ಡೋಲೋಮೈಟ್ ಪುಡಿ ಉದುರಿಸುತ್ತೇನೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ನಮ್ಮ ನೀರಿನಲ್ಲಿ ಕೊರತೆಯಿರುವಂಥವು, ಪಿಎಚ್ ಕುಸಿಯದಂತೆಯೂ ಅದು ತಡೆಯುತ್ತದೆ. ತೋಟವಿರುವ ಮನೆಗಳ ಗೋದಾಮಿನಲ್ಲಿ ಇದು ಹೇಗೂ ಇರುತ್ತದೆ, ಕೃಷಿ ಸುಣ್ಣವೂ ನಡೆಯುತ್ತದೆ. ಗೋಡೆಗೆ ಬಳಿಯುವ, ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇರೆ ವಸ್ತು. ಅದು ಪಿಎಚ್ ಅನ್ನು ಒಮ್ಮೆಲೇ ಏರಿಸಿ ಮೀನನ್ನು ಕೊಲ್ಲುತ್ತದೆ. ಡೋಲೋಮೈಟ್ ಮೇಲೆ 2 ಸೆಂಟಿಮೀಟರ್ ಮಣ್ಣು, ಒದ್ದೆ ಮಾಡಿ ಕೈಯಿಂದ ಸವರಿ, ಮುಂಗಾಜಿನಿಂದ ಎರಡು ಬೆರಳು ಹಿಂದಕ್ಕೆ ನಿಲ್ಲಿಸಿದರೆ ಎದುರಿನಿಂದ ಮಣ್ಣು ಕಾಣುವುದಿಲ್ಲ. ಅದರ ಮೇಲೆ 3 ಸೆಂಟಿಮೀಟರ್ ಮರಳು. ಮರಳಿನ ಮೇಲೆ ತಟ್ಟೆಯಿಟ್ಟು ಸಣ್ಣ ಧಾರೆಯಲ್ಲಿ ನೀರು ಬಿಟ್ಟರೆ ಪದರ ಕದಡುವುದಿಲ್ಲ. ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಡಬೇಕು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಬಿಡಬಾರದು. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು.

ಮಣ್ಣು ಪುಷ್ಟಿಯಾಗಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಊರಿನಲ್ಲಿ ಅಲ್ಲ, ಅದಕ್ಕೆ ಕಾರಣ ಮಳೆಗಾಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಫಿಲ್ಟರ್ ನಿಂತ ತೊಟ್ಟಿಯಲ್ಲಿ ಗೊಬ್ಬರ ಹೆಚ್ಚಿರುವ ತಳ ಆಮ್ಲಜನಕವನ್ನು ತಾನೇ ಹೀರುತ್ತದೆ, ದೀಪವಿಲ್ಲದೆ ಗಿಡಗಳು ಆಮ್ಲಜನಕ ಕೊಡುವುದಿಲ್ಲ, ಬೆಳಗಾಗುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಕಳೆಯುತ್ತಿರುತ್ತವೆ. ಬಡ ಮಣ್ಣಿನ ತೊಟ್ಟಿ ಇದನ್ನು ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ. ಜೊತೆಗೆ ಆ ತಿಂಗಳುಗಳ ಥಂಡಿಗೆ ಹೀಟರ್ ಇಲ್ಲದ ತೊಟ್ಟಿಯ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಗಿಡದ ಬೆಳವಣಿಗೆ ನಿಧಾನವಾಗುತ್ತದೆ. ಗಿಡ ಉಣ್ಣದೆ ಬಿಟ್ಟದ್ದನ್ನು ಪಾಚಿ ಉಣ್ಣುತ್ತದೆ.

ಈ ಪದರಕ್ಕೆ ತನ್ನದೇ ಮಿತಿಗಳಿವೆ. ವಾರಕ್ಕೊಮ್ಮೆ ಗಿಡ ಕಿತ್ತು ಜಾಗ ಬದಲಿಸುವ ಅಭ್ಯಾಸವಿರುವವರಿಗೆ ಇದು ಹೇಳಿಸಿದ್ದಲ್ಲ, ಬೇರಿನೊಡನೆ ಮಣ್ಣು ಎದ್ದು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ; ತೆಗೆಯಲೇಬೇಕಾದಾಗ ಗಿಡವನ್ನು ಬುಡದಲ್ಲಿ ಕತ್ತರಿಸಿ ಬೇರನ್ನು ಅಲ್ಲೇ ಬಿಡಬೇಕು. ತಳ ಅಗೆಯುವ ಸಿಕ್ಲಿಡ್ ಜಾತಿಯ ಮೀನು ಇದರಲ್ಲಿ ಸಲ್ಲದು. ಒಟ್ಟು ದಪ್ಪ 7 ಸೆಂಟಿಮೀಟರ್ ಮೀರಿದರೆ ತಳದಲ್ಲಿ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಕಟ್ಟುತ್ತದೆ. ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳು ಮರಳಿನೊಳಗೆ ನುಸುಳಿ ಓಡಾಡುವುದರಿಂದ ಅದು ಕಡಿಮೆಯಾಗುತ್ತದೆ. ಇನ್ನು ಅನುಬಿಯಾಸ್, ಜಾವಾ ಫರ್ನ್, ಪಾಚಿಯಂತೆ ಕಾಣುವ ಮಾಸ್ ಗಿಡ, ಇವಿಷ್ಟನ್ನೇ ಇಡುವವರಿಗೆ ಯಾವ ಮಣ್ಣೂ ಬೇಡ: ಅವು ಕಲ್ಲಿಗೆ, ಕಟ್ಟಿಗೆಗೆ ಅಂಟಿಕೊಂಡು ನೀರಿನಿಂದಲೇ ಆಹಾರ ಪಡೆಯುತ್ತವೆ, ಅಂಥವರು ಬರಿ ಮರಳು ಹಾಸಲಿ.

ಈಗಾಗಲೇ ಮರಳು ಹಾಸಿ ಮೀನು ಬಿಟ್ಟಿರುವವರು ತೊಟ್ಟಿಯನ್ನು ಬರಿದು ಮಾಡಬೇಕಾಗಿಲ್ಲ. ಇದೇ ಹದಗೊಳಿಸಿದ ಕೆಂಪು ಮಣ್ಣನ್ನು ಕುಂಬಾರರ ಜೇಡಿಯೊಂದಿಗೆ ಕಲಸಿ, ಪ್ರತಿ ಉಂಡೆಯ ನಡುವೆ ನಿಧಾನವಾಗಿ ಕರಗುವ ಆಸ್ಮೊಕೋಟ್ ಗೊಬ್ಬರದ ನಾಲ್ಕೈದು ಕಾಳು ಇಟ್ಟು, ಗೋಲಿ ಗಾತ್ರಕ್ಕೆ ಉರುಟಿ, ನೆರಳಿನಲ್ಲಿ ಗಟ್ಟಿಯಾಗಿ ಒಣಗಿಸಿದರೆ ಬೇರಿಗೆ ಕೊಡುವ ಉಂಡೆ ಸಿದ್ಧ. ಅಂಗಡಿಯಲ್ಲಿ ಮಾತ್ರೆಯ ರೂಪದಲ್ಲಿ ಮಾರುವುದೂ ಇದೇ ಕೆಲಸಕ್ಕೆ. ಕ್ರಿಪ್ಟೊಕೋರಿನ್, ಸ್ವೋರ್ಡ್ ಗಿಡಗಳ ಬುಡದಿಂದ ಮೂರು ಬೆರಳು ದೂರದಲ್ಲಿ, ಗಾಜಿಗೆ ತಾಗುವಷ್ಟು ಆಳಕ್ಕೆ ಒತ್ತಬೇಕು. ಮೇಲೆಯೇ ಉಳಿದರೆ ಗೊಬ್ಬರ ನೀರಿಗೆ ಸೇರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಹೊಸ ಎಲೆ ನರಗಳ ನಡುವೆ ಹಳದಿಯಾಗಿ ಬರತೊಡಗಿದಾಗ ಮತ್ತೆ ಇಟ್ಟರೆ ಸಾಕು.